ತಿಳಿನೀರೂ ಕೊಲ್ಲುತ್ತದೆ

ಹರಿಹರದಲ್ಲಿ ನೆಲೆಸಿರುವ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ಮತ್ತು ದಾವಣಗೆರೆಯಲ್ಲಿ ಸಂಸಾರ ಹೂಡಿರುವ ಅವರ ಹಳೆಯ ಶಿಷ್ಯೆ, ಇವರಿಬ್ಬರ ನಡುವಿನ ಮಾತುಕತೆ ಇದು. ಮಾತಿಗೆ ಕಾರಣ ಮನೆಯೊಂದರ ಅಕ್ವೇರಿಯಂ. ಆದರೆ ಇಲ್ಲಿ ಬಂದಿರುವ ಸಂಗತಿಗಳು ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಎಲ್ಲರಿಗೂ ಬೇಕಾದವು.

ಶಿಷ್ಯೆ: ಸರ್, ಮಗನ ಫಿಶ್ ಟ್ಯಾಂಕಿನದೇ ಚಿಂತೆಯಾಗಿದೆ. ಎರಡಡಿ ಉದ್ದದ ತೊಟ್ಟಿ. ಎರಡು ಗೋಲ್ಡ್ ಫಿಶ್, ನಾಲ್ಕು ಮೋಲಿ, ಒಂದು ಸಕ್ಕರ್ ಇದ್ದವು. ಅಂದಕ್ಕೆಂದು ಒಂದು ಮರದ ಬೇರು ತಂದು ಇಟ್ಟೆವು. ನೀರು ಕಂದು ಹಳದಿಗೆ ತಿರುಗಿತು. ಪೂರ್ತಿ ಚೆಲ್ಲಿ, ಎಲ್ಲ ತೊಳೆದು ಹೊಸ ನೀರು ತುಂಬಿದೆವು. ಎರಡು ದಿನಕ್ಕೆ ನೀರು ಬೆಳ್ಳಗೆ ಮಂಕಾಯಿತು. ಅಂಗಡಿಯಿಂದ ನೀಲಿ ಔಷಧಿ, ಒಂದೆರಡು ಕ್ಯಾಪ್ಸೂಲ್ ತಂದು ಹಾಕಿ ನೋಡಿ, ಮತ್ತೆ ನೀರು ಬದಲಿಸಿದೆವು. ಈಗ ನೀರೇನೋ ತಿಳಿಯಾಗಿದೆ. ಆದರೆ ಎರಡು ಮೋಲಿ ಸತ್ತವು, ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿವೆ. ಯಾವ ಔಷಧಿ ಹಾಕಲಿ?

ಮೇಷ್ಟ್ರು: ಔಷಧಿಯ ಮಾತು ಆಮೇಲೆ. ಫೋನಿನಲ್ಲಿ ಹೇಳಿದ್ದೆನಲ್ಲ, ನೀರು ತಂದೆಯಾ?

ಶಿಷ್ಯೆ: ತಂದಿದ್ದೇನೆ ಸರ್. ಈ ಬಾಟಲಿಯಲ್ಲಿ ತೊಟ್ಟಿಯ ನೀರು. ಇದು ನಾವು ತುಂಬಿಸುವ ಬೋರ್ ನೀರು.

ಮೇಷ್ಟ್ರು: ಎರಡನ್ನೂ ಬೆಳಕಿಗೆ ಹಿಡಿದು ನೋಡು. ಯಾವುದರಲ್ಲೂ ಒಂದು ಕಸವಿಲ್ಲ, ಬಣ್ಣವಿಲ್ಲ. ಈಗ ಈ ಗಾಜಿನ ನಳಿಕೆಗೆ ತೊಟ್ಟಿಯ ನೀರು 5 ಮಿಲಿಲೀಟರ್ ಹಾಕುತ್ತೇನೆ. ಇದು ಅಮೋನಿಯಾ ಪರೀಕ್ಷೆಯ ಕಿಟ್. ಈ ಸೀಸೆಯಿಂದ ಎಣಿಸಿ ಹನಿ ಬಿಡಬೇಕು, ಆಮೇಲೆ ಆ ಸೀಸೆಯಿಂದ. ಮುಚ್ಚಳ ಹಾಕಿ ಅಲುಗಾಡಿಸಿ ಐದು ನಿಮಿಷ ಬಿಡೋಣ. ಅಮೋನಿಯಾ ಇಲ್ಲದಿದ್ದರೆ ನೀರು ಹಳದಿಯಾಗಿಯೇ ನಿಲ್ಲುತ್ತದೆ.

ಶಿಷ್ಯೆ: ಹಸಿರಿಗೆ ತಿರುಗುತ್ತಿದೆಯಲ್ಲ ಸರ್.

ಮೇಷ್ಟ್ರು: ಬಣ್ಣದ ಕಾರ್ಡಿನ ಪಕ್ಕ ಹಿಡಿದು ನೋಡು. ಲೀಟರಿಗೆ 1 ಮತ್ತು 2 ಮಿಲಿಗ್ರಾಂ ನಡುವೆ ಇದೆ. ಇರಬೇಕಾದದ್ದು ಸೊನ್ನೆ. ನೀರು ಹಳದಿಯಾಗಿದ್ದಾಗ ಮೀನು ಚೆನ್ನಾಗಿದ್ದವು, ತಿಳಿಯಾದ ಮೇಲೆ ಸತ್ತವು. ಕಣ್ಣಿಗೆ ಕಾಣುವ ಬಣ್ಣಕ್ಕೆ ನಾವು ಹೆದರುತ್ತೇವೆ. ಅಮೋನಿಯಾಕ್ಕೆ ಬಣ್ಣವೇ ಇಲ್ಲ.

ಶಿಷ್ಯೆ: ಹೊಸದಾಗಿ ತುಂಬಿಸಿದ ನೀರಿನಲ್ಲಿ ಅಮೋನಿಯಾ ಎಲ್ಲಿಂದ ಬಂತು?

ಮೇಷ್ಟ್ರು: ಮೀನಿನಿಂದಲೇ. ಅದು ಕಿವಿರಿನ ಮೂಲಕ ಹಗಲು ರಾತ್ರಿ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಅದನ್ನು ಜೀರ್ಣಿಸಿಕೊಳ್ಳುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲು ಮರಳಿನ ಮೇಲೆ ಮನೆಮಾಡಿಕೊಂಡಿರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನವೆರಡೂ ಮೀನಿಗೆ ವಿಷ. ಮೂರನೆಯದನ್ನು ಅದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರುವುದಕ್ಕೆ ಸುಮಾರು ನಾಲ್ಕರಿಂದ ಆರು ವಾರ ಬೇಕು. ಸ್ಪಂಜನ್ನು ಎಲ್ಲಿ ತೊಳೆದಿರಿ?

ಶಿಷ್ಯೆ: ನಲ್ಲಿಯ ಕೆಳಗೆ ಹಿಡಿದು, ಚೆನ್ನಾಗಿ ಹಿಂಡಿ.

ಮೇಷ್ಟ್ರು: ಹಾಗೆ ಹಿಂಡಿದರೆ ಬ್ಯಾಕ್ಟೀರಿಯಾ ತೊಳೆದುಹೋಗುತ್ತದೆ. ನಲ್ಲಿಯಲ್ಲಿ ಕ್ಲೋರಿನ್ ನೀರು ಬರುತ್ತಿದ್ದರಂತೂ ಆ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ. ಕಲ್ಲು ಮರಳನ್ನೂ ಉಜ್ಜಿದ್ದೀರಿ. ಅಷ್ಟು ದಿನ ಕೂಡಿಬಂದ ಬ್ಯಾಕ್ಟೀರಿಯಾ ಒಂದೇ ಗಂಟೆಯಲ್ಲಿ ಹೋಯಿತು. ಮೀನುಗಳು ಅಷ್ಟೇ ಇದ್ದವು, ಅವು ಬಿಡುವ ಅಮೋನಿಯಾವೂ ಅಷ್ಟೇ ಇತ್ತು. ತೆಗೆಯುವವರಿಲ್ಲ, ತುಂಬಿಕೊಂಡಿತು. ಆಮೇಲೆ ಕಂಡ ಬಿಳಿ ಮಂಕು ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ. ಕೊಳೆತದ್ದನ್ನು ತಿಂದು ಒಮ್ಮೆಲೇ ಬೆಳೆದು ನೀರಿನಲ್ಲೇ ತೇಲುವಂಥವು. ಅವು ಮೀನಿಗೆ ನೇರವಾಗಿ ರೋಗ ತರುವುದಿಲ್ಲ, ಆದರೆ ನೀರಿನ ಆಮ್ಲಜನಕವನ್ನು ಹೀರುತ್ತವೆ. ಮೀನು ಮೇಲೆ ಬಂದು ಬಾಯಿ ಬಿಡುವುದಕ್ಕೆ ಅದೂ ಒಂದು ಕಾರಣ. ಇನ್ನು ಈ ಬೋರ್ ನೀರಿನ ಪಿಎಚ್ ನೋಡೋಣ. 8ರ ಮೇಲಿದೆ. ಮೊದಲು ಯಾವ ನೀರು ಹಾಕುತ್ತಿದ್ದಿರಿ?

ಶಿಷ್ಯೆ: ಕಾರ್ಪೊರೇಷನ್ ನೀರು. ಅದು ದಿನವೂ ಬರುವುದಿಲ್ಲವಲ್ಲ ಸರ್. ಅವತ್ತು ಸಂಪಿನಲ್ಲಿ ಇರಲಿಲ್ಲ, ಬೋರ್ ಹಾಕಿದೆವು.

ಮೇಷ್ಟ್ರು: ಎಷ್ಟೋ ಮನೆಗಳಲ್ಲಿ ಮೀನು ಸಾಯುವುದು ಹೀಗೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಹೆಚ್ಚು ಕೆಡುಕು ಮಾಡದ ಅಮೋನಿಯಂ ಅಯಾನು, ಇನ್ನೊಂದು ಕಿವಿರನ್ನು ಸುಡುವ ಅಮೋನಿಯಾ. ಯಾವುದು ಎಷ್ಟು ಎಂಬುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಶೇಕಡ 1ಕ್ಕಿಂತ ಕಡಿಮೆ. 8 ಆದರೆ ಸುಮಾರು ಶೇಕಡ 5. 9 ಆದರೆ ಮೂರನೇ ಒಂದು ಪಾಲಿಗೂ ಹೆಚ್ಚು. ಮೀನು, ಆಹಾರ, ಹೊಲಸು ಎಲ್ಲ ಅಷ್ಟೇ ಇದ್ದರೂ ಹೊಳೆಯಿಂದ ಬರುವ ಕಾರ್ಪೊರೇಷನ್ ನೀರಿನಿಂದ ಬೋರ್ ನೀರಿಗೆ ಹೋದಾಗ ವಿಷ ಹಲವು ಪಟ್ಟು ಏರಬಹುದು.

ಶಿಷ್ಯೆ: ಹಾಗಾದರೆ ಬೋರ್ ನೀರಿನಲ್ಲಿ ಮೀನು ಸಾಕಲೇಬಾರದೆ?

ಮೇಷ್ಟ್ರು: ಸಾಕಬಹುದು. ಮೋಲಿಗೆ, ಗಪ್ಪಿಗೆ ಇಂಥ ಗಡಸು ನೀರೇ ಹಿತ. ಗೋಲ್ಡ್ ಫಿಶ್ ಕೂಡ ಒಗ್ಗಿಕೊಳ್ಳುತ್ತದೆ. ನೀರು ದಿಢೀರನೆ ಬದಲಾದರೆ ಮಾತ್ರ ಅವು ತಡೆಯುವುದಿಲ್ಲ. ಬೋರ್ ಆದರೆ ಬೋರೇ ಇರಲಿ, ಹೊಳೆ ನೀರಾದರೆ ಹೊಳೆ ನೀರೇ ಇರಲಿ. ಬದಲಿಸಲೇಬೇಕಾದರೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಬೇಕು. ನಮ್ಮ ಊರುಗಳಲ್ಲಿ ಸಂಪು ಒಂದೇ, ಅದರೊಳಗೆ ಬರುವ ನೀರು ಎರಡು. ಆದ್ದರಿಂದ ತೊಟ್ಟಿಗೆ ಬೇಕಾದ ನೀರನ್ನು ಒಂದು ಡ್ರಮ್ಮಿನಲ್ಲಿ ಬೇರೆಯಾಗಿ ಹಿಡಿದಿಡುವುದು ಒಳ್ಳೆಯದು.

ಶಿಷ್ಯೆ: ಕಾರ್ಪೊರೇಷನ್ ನೀರೂ ಎಲ್ಲ ಕಾಲಕ್ಕೂ ಒಂದೇ ಥರ ಇರುವುದಿಲ್ಲ ಸರ್. ಮಳೆಗಾಲದಲ್ಲಿ ಕೆಲವೊಮ್ಮೆ ಕೆಂಪಗೆ, ಕೆಲವೊಮ್ಮೆ ಬ್ಲೀಚಿಂಗ್ ಪೌಡರ್ ವಾಸನೆ.

ಮೇಷ್ಟ್ರು: ಆ ನೀರಿನ ಹಾದಿ ತಿಳಿದರೆ ಅದೂ ಅರ್ಥವಾಗುತ್ತದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಎರಡೂ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ, ಹೊನ್ನಾಳಿ ದಾಟಿ ನಮ್ಮ ಹರಿಹರಕ್ಕೆ ಬರುತ್ತವೆ. ಇಲ್ಲೇ ರಾಜನಹಳ್ಳಿಯಿಂದ ದಾವಣಗೆರೆಗೆ ನೀರು ಎತ್ತುತ್ತಾರೆ. ಭದ್ರಾ ನಾಲೆಯ ನೀರು ಕುಂದವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ತುಂಬಿ ಅಲ್ಲಿಂದಲೂ ನಿಮಗೆ ಬರುತ್ತದೆ. ಮಲೆನಾಡಿನಲ್ಲಿ ಮುಂಗಾರು ಹಿಡಿದಾಗ ಹೊಳೆ ಕೆಂಪು ಮಣ್ಣು ಹೊತ್ತು ತರುತ್ತದೆ. ಶುದ್ಧೀಕರಣ ಘಟಕದಲ್ಲಿ ಆಲಂ ಹಾಕಿ ಮಣ್ಣು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುತ್ತಾರೆ. ಮಳೆಗಾಲದಲ್ಲಿ ಕ್ಲೋರಿನ್ ಪ್ರಮಾಣ ಏರಿಸಬೇಕಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದೇ ಭಾರತೀಯ ಮಾನಕ ಹೇಳುತ್ತದೆ. ನಮ್ಮನ್ನು ಕಾಲರಾ, ಟೈಫಾಯಿಡ್‌ಗಳಿಂದ ಕಾಪಾಡುವ ಆ ಕ್ಲೋರಿನ್ನೇ ಮೀನಿನ ಕಿವಿರನ್ನು ಸುಡುತ್ತದೆ.

ಶಿಷ್ಯೆ: ಅದನ್ನು ತೆಗೆಯುವುದು ಹೇಗೆ?

ಮೇಷ್ಟ್ರು: ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಹೋಗುತ್ತದೆ. ಏರ್ ಪಂಪಿನ ಕೊಳವೆ ಬಿಟ್ಟರೆ ಇನ್ನೂ ಬೇಗ. ಅವಸರವಿದ್ದರೆ ಅಂಗಡಿಯಲ್ಲಿ ಆಂಟಿಕ್ಲೋರಿನ್ ಸಿಗುತ್ತದೆ. ಸಾಮಾನ್ಯವಾಗಿ ಅದು ನೀನು ಲ್ಯಾಬಿನಲ್ಲಿ ಬಳಸಿದ ಸೋಡಿಯಂ ಥಯೋಸಲ್ಫೇಟೇ.

ಶಿಷ್ಯೆ: ಬಣ್ಣ ನೋಡಿ ಕಾರಣ ಹೇಳಲು ಆಗುವುದೇ ಇಲ್ಲವೆ ಸರ್?

ಮೇಷ್ಟ್ರು: ಸುಳಿವು ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಮರದ ಬೇರು ಇಟ್ಟ ಮೇಲೆ ಬಂದ ಕಂದು ಹಳದಿ ಟ್ಯಾನಿನ್. ಅದರಿಂದ ಮೀನಿಗೆ ತೊಂದರೆಯಿಲ್ಲ. ರಸ್ತೆ ಬದಿಯ ಕಾಡುಬಾದಾಮಿಯ ಒಣಗಿದ ಎಲೆಯನ್ನು ಬೆಟ್ಟಾ ಮೀನು ಸಾಕುವವರು ಬೇಕೆಂದೇ ನೀರಿಗೆ ಹಾಕುತ್ತಾರೆ. ಬಣ್ಣ ಬೇಡವಾದರೆ ಬೇರನ್ನು ಕುದಿಸಿ, ಕೆಲವು ದಿನ ನೆನೆಹಾಕಿ ನೀರು ಬದಲಿಸುತ್ತಿರಬೇಕು. ಫಿಲ್ಟರಿನಲ್ಲಿ ಇದ್ದಿಲಿನ ಚೀಲ ಇಟ್ಟರೂ ಬಣ್ಣ ಹೀರುತ್ತದೆ. ಬೋರ್ ನೀರು ಎತ್ತಿದಾಗ ತಿಳಿಯಾಗಿದ್ದು ಆಮೇಲೆ ತುಕ್ಕಿನ ಬಣ್ಣಕ್ಕೆ ಬಂದರೆ ಅದರಲ್ಲಿ ಕಬ್ಬಿಣದ ಅಂಶ ಇದೆ, ಗಾಳಿ ತಾಗಿ ಕೆಂಪಾಗಿದೆ. ಅದನ್ನು ಗಾಳಿಯಾಡಿಸಿ, ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನಷ್ಟೇ ಬಳಸಬೇಕು. ಹಸಿರಾದರೆ ಬಿಸಿಲು ಹೆಚ್ಚು, ಆಹಾರವೂ ಹೆಚ್ಚು. ತೊಟ್ಟಿಯನ್ನು ಕಿಟಕಿಯಿಂದ ದೂರ ಸರಿಸಿ, ದೀಪವನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಉರಿಸದಿದ್ದರೆ ಇಳಿಯುತ್ತದೆ. ಆ ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಏರ್ ಪಂಪನ್ನು ರಾತ್ರಿ ನಿಲ್ಲಿಸಬಾರದು.

ಶಿಷ್ಯೆ: ಕ್ಯಾಪ್ಸೂಲ್ ಹಾಕಿದ ಮೇಲೆ ನೀರು ಮತ್ತೆ ಕಂದಾಗಿತ್ತು. ರೋಗ ಹೊರಬರುತ್ತಿದೆ ಎಂದು ಯಾರೋ ಹೇಳಿದರು.

ಮೇಷ್ಟ್ರು: ಅದು ಟೆಟ್ರಾಸೈಕ್ಲಿನ್ ಆಗಿದ್ದರೆ ಬೆಳಕಿಗೆ ಒಡೆದು ತಾನೇ ಕಂದಾಗಿದೆ. ಮೇಲಾಗಿ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೀನಿಗೆ ತಲುಪುವುದು ಅತ್ಯಲ್ಪ. ನೀಲಿ ಔಷಧಿ ಮಿಥಿಲೀನ್ ಬ್ಲೂ. ಅದಕ್ಕೆ ಅದರದೇ ಉಪಯೋಗವಿದೆ, ಆದರೆ ಬೇರೆ ಪಾತ್ರೆಯಲ್ಲಿ. ಮೀನಿರುವ ತೊಟ್ಟಿಗೇ ಸುರಿದರೆ ಫಿಲ್ಟರಿನಲ್ಲಿ ಉಳಿದಿದ್ದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತದೆ. ಮೀನಿನ ಕಾಯಿಲೆಯೆಂದು ಹಾಕಿದ ಔಷಧಿ ನೀರಿನ ಕಾಯಿಲೆಯನ್ನು ಹೆಚ್ಚಿಸುತ್ತದೆ.

ಶಿಷ್ಯೆ: ಮೀನಿಗೆ ನಿಜವಾದ ಕಾಯಿಲೆ ಬಂದಾಗ ಗೊತ್ತಾಗುವುದು ಹೇಗೆ?

ಮೇಷ್ಟ್ರು: ಮೊದಲು ಎಣಿಕೆ ನೋಡು. ಎಲ್ಲ ಜಾತಿಯ ಮೀನೂ ಒಟ್ಟಿಗೆ ಏದುಸಿರು ಬಿಟ್ಟರೆ ನೀರಿನ ದೋಷ. ಒಂದೆರಡಕ್ಕೆ ಶುರುವಾಗಿ ನಿಧಾನಕ್ಕೆ ಹಬ್ಬಿದರೆ ರೋಗ ಇರಬಹುದು. ಮೈಮೇಲೆ, ರೆಕ್ಕೆಯ ಮೇಲೆ ರವೆಯ ಕಾಳು ಮೆತ್ತಿದಂತೆ ಬಿಳಿ ಚುಕ್ಕೆ ಬಂದು, ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಇಕ್ ಎಂಬ ಪರಾವಲಂಬಿ ಜೀವಿ. ಚುಕ್ಕೆಯೊಳಗೆ ಇರುವಾಗ ಅದಕ್ಕೆ ಯಾವ ಔಷಧಿಯೂ ತಾಗುವುದಿಲ್ಲ. ಚುಕ್ಕೆ ಕಳಚಿ ತಳಕ್ಕೆ ಬಿದ್ದು, ಒಡೆದು ನೂರಾರು ಮರಿಗಳಾಗಿ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸಿದವರ ತೊಟ್ಟಿಯಲ್ಲಿ ಅದು ಮರುವಾರ ಇಮ್ಮಡಿಯಾಗಿ ಬರುವುದು ಇದಕ್ಕೇ. ಎರಡು ವಾರ ಚಿಕಿತ್ಸೆ ಬಿಡಬಾರದು. ಗೋಲ್ಡ್ ಫಿಶ್, ಮೋಲಿಗಳಿಗೆ ಲೀಟರಿಗೆ 2 ಗ್ರಾಂ ಉಪ್ಪು ಕರಗಿಸಿ ನಿಧಾನಕ್ಕೆ ಸೇರಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಸಕ್ಕರ್ ಮೀನಿಗೂ ಗಿಡಗಳಿಗೂ ಅಷ್ಟು ಉಪ್ಪು ಹಿಡಿಸದು, ಅವನ್ನು ಬೇರೆ ಇಡಬೇಕು. ಆದರೆ ಅವನ್ನು ಹಾಗೇ ಇನ್ನೊಂದು ಮೀನಿನ ತೊಟ್ಟಿಗೆ ಬಿಟ್ಟರೆ ರೋಗವೂ ಜೊತೆಗೆ ಹೋಗುತ್ತದೆ.

ಶಿಷ್ಯೆ: ಒಂದು ಗೋಲ್ಡ್ ಫಿಶ್‌ನ ಬಾಲದ ಅಂಚು ಹರಿದಂತೆ ಕಾಣುತ್ತಿದೆ.

ಮೇಷ್ಟ್ರು: ರೆಕ್ಕೆ ಕೊಳೆ ಇರಬೇಕು. ಆ ಬ್ಯಾಕ್ಟೀರಿಯಾ ಒಳ್ಳೆಯ ನೀರಿನಲ್ಲೂ ಇರುತ್ತದೆ. ಅಮೋನಿಯಾದಲ್ಲಿ ಬೆಂದ ಮೀನಿನ ಮೈಮೇಲಿನ ಲೋಳೆ ಹಾಳಾದಾಗ ಅದಕ್ಕೆ ದಾರಿ ಸಿಗುತ್ತದೆ. ನೀರು ಸರಿಹೋದರೆ ಬಹುತೇಕ ತಾನೇ ಚಿಗುರುತ್ತದೆ. ಹೊಟ್ಟೆ ಊದಿ ಹುರುಪೆಗಳು ನಿಗುರಿ ನಿಂತರೆ ಮಾತ್ರ ಭರವಸೆ ಕಡಿಮೆ, ಅಷ್ಟು ಹೊತ್ತಿಗೆ ಒಳಗಿನ ಅಂಗಗಳು ಸೋತಿರುತ್ತವೆ.

ಶಿಷ್ಯೆ: ಈಗ ಮನೆಗೆ ಹೋದ ಕೂಡಲೇ ಏನು ಮಾಡಲಿ?

ಮೇಷ್ಟ್ರು: ಎರಡು ಮೂರು ದಿನ ಆಹಾರ ಹಾಕಬೇಡ, ಮೀನು ಅಷ್ಟಕ್ಕೆ ಸಾಯುವುದಿಲ್ಲ. ಏರ್ ಪಂಪು ನಿಲ್ಲದಿರಲಿ. ಅದೇ ಬಿಸಿಯ, ಅದೇ ಬೋರ್ ನೀರಿನಿಂದ ದಿನಕ್ಕೆ ಕಾಲುಭಾಗ ಬದಲಿಸು. ಪಿಎಚ್ ಇಳಿಸಲೆಂದು ನಿಂಬೆರಸ, ವಿನೆಗರ್ ಹಾಕಬೇಡ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಾಡಿಸು. ಮೀನು ಸಾಕುವ ಗೆಳೆಯರಿದ್ದರೆ, ಅವರ ತೊಟ್ಟಿಯಲ್ಲಿ ರೋಗವಿಲ್ಲದಿದ್ದರೆ, ಹಳೆಯ ಸ್ಪಂಜಿನ ತುಂಡೊಂದನ್ನು ಕೇಳಿ ತಂದು ಫಿಲ್ಟರಿನಲ್ಲಿಡು. ವಾರಗಳ ಕೆಲಸ ದಿನಗಳಲ್ಲಿ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಹೊಸ ಮೀನು ಬೇಡ.

ಶಿಷ್ಯೆ: ಮೀನು ಹೆಚ್ಚಾಯಿತು ಎನ್ನುತ್ತೀರಾ?

ಮೇಷ್ಟ್ರು: ನಿನ್ನ ತೊಟ್ಟಿಯಲ್ಲಿ ಹಿಡಿಯುವುದು 50 ಲೀಟರ್ ಆಸುಪಾಸು. ಚೆನ್ನಾಗಿ ಬೆಳೆದ ಗೋಲ್ಡ್ ಫಿಶ್ ಅರ್ಧ ಅಡಿ ಮುಟ್ಟುತ್ತದೆ, ಹತ್ತು ವರ್ಷ ಮೀರಿ ಬದುಕುತ್ತದೆ. ಸಕ್ಕರ್ ಒಂದಡಿ ದಾಟುತ್ತದೆ. ಅಂಗಡಿಯಲ್ಲಿ ಬೆರಳುದ್ದ ಕಂಡದ್ದೆಲ್ಲ ಬೆರಳುದ್ದವೇ ಉಳಿಯುವುದಿಲ್ಲ. ಇಷ್ಟು ನೀರಿನಲ್ಲಿ ಮೋಲಿಗಳನ್ನಷ್ಟೇ ಇಟ್ಟುಕೊಂಡು, ಗೋಲ್ಡ್ ಫಿಶ್‌ಗೆ ದೊಡ್ಡ ತೊಟ್ಟಿ ಮಾಡುವುದು ನ್ಯಾಯ. ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಏಪ್ರಿಲ್‌ನ ದಾವಣಗೆರೆಯಲ್ಲಿ ಕರೆಂಟು ಹೋಗಿ ಪಂಪು ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ. ಆಗ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತೆಗೆದು ಎತ್ತರದಿಂದ ಹೊಯ್ಯುತ್ತಿರಬೇಕು.

ಶಿಷ್ಯೆ: ನಿಮ್ಮ ಮಾತು ಕೇಳಿದರೆ ಹೊಳೆಯ ಮೀನಿಗೂ ಇದೇ ನಿಯಮ ಎನಿಸುತ್ತದೆ.

ಮೇಷ್ಟ್ರು: ಖಂಡಿತ. 1980ರ ದಶಕದಲ್ಲಿ ಇದೇ ತುಂಗಭದ್ರೆಯಲ್ಲಿ ಮೀನು ಸತ್ತು ತೇಲುತ್ತಿವೆ, ನೀರಿನ ಬಣ್ಣ, ವಾಸನೆ ಕೆಟ್ಟಿದೆ ಎಂದು ಕೆಳದಂಡೆಯ ಊರುಗಳವರು ದೂರಿದರು. ನಮ್ಮೂರಿನ ಎದುರುದಂಡೆಯಲ್ಲಿ ಮರದ ತಿರುಳು ತೆಗೆಯುವ ಉದ್ಯಮದ ತ್ಯಾಜ್ಯನೀರಿನತ್ತ ಅವರು ಬೆರಳು ತೋರಿದರು. ಹೋರಾಟಗಾರ ಎಸ್.ಆರ್. ಹಿರೇಮಠರ ಸಂಘಟನೆ ಸಮಾಜ ಪರಿವರ್ತನ ಸಮುದಾಯ ಅದನ್ನು ಹೋರಾಟವಾಗಿ ಕಟ್ಟಿ ಹೈಕೋರ್ಟಿನವರೆಗೆ ಒಯ್ದಿತು. ವಿಜ್ಞಾನದ ಲೆಕ್ಕ ನೋಡು. ನಿನ್ನ ತೊಟ್ಟಿಯ ಬೇರಿನ ಕಂದು ಮರದ್ದು, ತಿರುಳಿನ ತ್ಯಾಜ್ಯದ ಕಂದೂ ಮರದ್ದೇ. ಆದರೆ ಎರಡನೆಯದರ ಜೊತೆ ಕೊಳೆಯುವ ಪದಾರ್ಥ ರಾಶಿರಾಶಿಯಾಗಿ ಬರುತ್ತದೆ. ಅದನ್ನು ಶುದ್ಧಿ ಮಾಡದೆ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತ ಹೊಳೆಯ ಆಮ್ಲಜನಕವನ್ನು ಬರಿದು ಮಾಡುತ್ತದೆ. ನಿನ್ನ ತೊಟ್ಟಿ ಬೆಳ್ಳಗಾದಾಗ ನಡೆದದ್ದೂ ಸಣ್ಣ ಪ್ರಮಾಣದಲ್ಲಿ ಇದೇ. ಊರಿನ ಚರಂಡಿ ನೀರು ನೇರ ಹೊಳೆಗೆ ಸೇರಿದರೂ ಆಗುವುದು ಅದೇ.

ಶಿಷ್ಯೆ: ಆಗ ಮೊದಲು ಗುರುತಿಸಿದವರು ಯಾರು? ಪರೀಕ್ಷೆ ಮಾಡುವವರೋ?

ಮೇಷ್ಟ್ರು: ಬಲೆ ಹಾಕುವವರು, ದಂಡೆಯಲ್ಲಿ ಬದುಕುವವರು. ಪ್ರಯೋಗಾಲಯದ ವರದಿ ಆಮೇಲೆ ಬರುತ್ತದೆ. ದಿನಾ ಮೀನನ್ನು ನೋಡುವ ಕಣ್ಣು ಬೇಕು. ನಿನ್ನ ಮಗನಿಗೆ ಆ ಕಣ್ಣು ಬರಲಿ. ಯಾವತ್ತು ಎಷ್ಟು ನೀರು ಬದಲಿಸಿದೆವು, ಯಾವ ನೀರು, ಪಿಎಚ್ ಎಷ್ಟು, ಅಮೋನಿಯಾ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳು. ಕಾಯಿಲೆ ಬಂದಾಗ ಕಾರಣ ಅದರಲ್ಲೇ ಸಿಗುತ್ತದೆ.

ಶಿಷ್ಯೆ: ಸಕ್ಕರ್ ಮೀನನ್ನು ಕುಂದವಾಡ ಕೆರೆಗೆ ಬಿಟ್ಟುಬಿಡೋಣ, ಪಾಪ ಬದುಕಿಕೊಳ್ಳಲಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ.

ಮೇಷ್ಟ್ರು: ಬೇಡ, ಆ ಪುಣ್ಯ ಮಾತ್ರ ಬೇಡ. ಅದು ದಕ್ಷಿಣ ಅಮೆರಿಕದ ಮೀನು. ಹೀಗೆ ತೊಟ್ಟಿಗಳಿಂದ ಹೊರಬಿದ್ದು ದೇಶದ ಅನೇಕ ಕೆರೆ, ನದಿಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ. ದಡದಲ್ಲಿ ಬಿಲ ತೋಡುತ್ತದೆ, ಮುಳ್ಳಿನಂಥ ರೆಕ್ಕೆಗಳಿಂದ ಬಲೆ ಹರಿಯುತ್ತದೆ, ನಮ್ಮ ಮೀನುಗಳ ಮೇವಿಗೆ ಪಾಲುದಾರನಾಗುತ್ತದೆ. ಅಂಗಡಿಯವರಿಗೆ ವಾಪಸ್ ಕೊಡು, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡು. ಔಷಧಿ ಬೆರೆತ ನೀರನ್ನೂ ಕೆರೆ, ಕಾಲುವೆ, ಮಳೆನೀರಿನ ಚರಂಡಿಗೆ ಚೆಲ್ಲಬೇಡ.

ಶಿಷ್ಯೆ: ನನ್ನಂತೆ ಮೀನು ಸಾಕುವ ಉಳಿದವರಿಗೆ ಏನು ಹೇಳಲಿ ಸರ್?

ಮೇಷ್ಟ್ರು: ಮೀನು ಕೊಳ್ಳುವ ಮೊದಲು ಪರೀಕ್ಷೆಯ ಕಿಟ್ ಕೊಳ್ಳಲು ಹೇಳು. ನೀರಿನ ಬಣ್ಣ ಕೆಟ್ಟರೆ ಕಾರಣ ಹುಡುಕಲಿ, ಪೂರ್ತಿ ಚೆಲ್ಲದಿರಲಿ. ಮೀನು ಸೊರಗಿದರೆ ಮೊದಲು ನೀರನ್ನು ಪರೀಕ್ಷಿಸಲಿ. ನೀರು ಸರಿಯಿದ್ದೂ ಕಾಯಿಲೆ ಇದ್ದರೆ ಮಾತ್ರ, ಯಾವ ಕಾಯಿಲೆಯೆಂದು ತಿಳಿದವರಿಂದ ಖಚಿತ ಮಾಡಿಕೊಂಡು, ಬೇರೆ ಪಾತ್ರೆಯಲ್ಲಿ ಔಷಧಿ ಕೊಡಲಿ. ತೊಟ್ಟಿಯ ಮೀನನ್ನು ಯಾವ ಕಾರಣಕ್ಕೂ ಹೊಳೆಗೆ, ಕೆರೆಗೆ ಬಿಡದಿರಲಿ. ಇಷ್ಟು ಮಾಡಿದರೆ ಮನೆಯ ಮೀನೂ ಉಳಿಯುತ್ತದೆ, ತುಂಗಭದ್ರೆಯ ಮೀನಿಗೂ ನಮ್ಮಿಂದ ಹೊಸ ಕೇಡು ತಗಲುವುದಿಲ್ಲ.